ಮಗುವಿನ ಯೋಚನೆಗೆ ಮೊದಲು ಬಿಪಿ ಗುಳಿಗೆಯ ಮಾತು

ವಿಜಯಪುರ

ಚಿ. ಸೌ. ಮಗಳಿಗೆ ದೊಡ್ಡವ್ವನ ಆಶೀರ್ವಾದಗಳು.

ನಾವೆಲ್ಲ ಇಲ್ಲಿ ಕ್ಷೇಮ. ಬೆಳಗಾವಿಯಲ್ಲಿ ನೀವಿಬ್ಬರೂ ಆರಾಮ ಇದ್ದೀರಿ ಅಂದುಕೊಂಡಿದ್ದೇನೆ. ಮಗುವಿನ ಯೋಚನೆ ಮಾಡಿದ್ದೀರಿ ಅಂತ ನಿಮ್ಮವ್ವ ಫೋನಿನಲ್ಲಿ ಹೇಳಿದಳು. ಬಹಳ ಖುಷಿಯಾಯಿತು. ಕೂಡಲೇ ನೀನು ಬಿಪಿಗೆ ಅಂತ ದಿನಾ ನುಂಗುವ ಟೆಲ್ಮಿಸಾರ್ಟನ್ ಗುಳಿಗೆ ನೆನಪಾಯಿತು. ಫೋನಿನಲ್ಲಿ ಅರ್ಧಂಬರ್ಧ ಹೇಳುವ ಮಾತಲ್ಲ ಇದು, ಅದಕ್ಕೇ ಬರೆಯುತ್ತಿದ್ದೇನೆ.

ಈ ಗುಳಿಗೆ ನಡೆದಿರುವಾಗ ಬಸಿರಾಗುವುದು ಬೇಡ. ಹಾಗಂತ ನೀನಾಗಿಯೇ ಗುಳಿಗೆ ಬಿಡುವುದೂ ಬೇಡ. ಮೊದಲು ಡಾಕ್ಟರ ಹತ್ತಿರ ಹೋಗಿ ಬೇರೆ ಗುಳಿಗೆ ಬರೆಸಿಕೊ.

ನರ್ಸಿಂಗ್ ಹುಡುಗಿಯರಿಗೆ ಇಷ್ಟು ವರ್ಷ ಪಾಠ ಮಾಡಿದವಳು ನಾನು. ಕಾರಣ ಹೇಳದೆ ಬರೀ ಅಪ್ಪಣೆ ಕೊಡುವುದು ನನಗೆ ಸರಿ ಕಾಣುವುದಿಲ್ಲ.

ಬಿಪಿ ಇಳಿದಾಗ, ಮೈಯಲ್ಲಿ ನೀರು, ಉಪ್ಪು ಕಡಿಮೆಯಾದಾಗ ಮೂತ್ರಪಿಂಡ ರೆನಿನ್ ಅನ್ನುವ ಕಿಣ್ವವನ್ನು ರಕ್ತಕ್ಕೆ ಬಿಡುತ್ತದೆ. 1898ರಲ್ಲಿ ಸ್ವೀಡನ್ನಿನಲ್ಲಿ ಮೊಲದ ಮೂತ್ರಪಿಂಡದಿಂದ ಇದನ್ನು ಕಂಡುಹಿಡಿದರು. ರೆನಿನ್ನಿಂದ ಶುರುವಾದ ಕೆಲಸ ಆಂಜಿಯೋಟೆನ್ಸಿನ್ 2 ಅನ್ನುವ ಹಾರ್ಮೋನು ತಯಾರಾಗುವವರೆಗೆ ಹೋಗುತ್ತದೆ. ಆದರೆ ಅದು ಸುಮ್ನೆ ರಕ್ತದಲ್ಲಿ ತಿರುಗಾಡಿದರೆ ಏನೂ ಆಗುವುದಿಲ್ಲ. ಜೀವಕೋಶದ ಮೇಲೆ ಅದಕ್ಕಾಗಿಯೇ ಇರುವ ಜಾಗದಲ್ಲಿ, ಅಂದರೆ ರಿಸೆಪ್ಟರಿನಲ್ಲಿ ಹೋಗಿ ಕೂರಬೇಕು. ಅದರಲ್ಲಿ ಮುಖ್ಯವಾದದ್ದು ಎಟಿ1. ರಕ್ತನಾಳದ ಎಟಿ1ನಲ್ಲಿ ಕೂತರೆ ನಾಳ ಬಿಗಿಯಾಗುತ್ತದೆ. ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಯಲ್ಲಿ ಕೂತರೆ ಅಲ್ಡೋಸ್ಟೆರೋನ್ ಅನ್ನುವ ಹಾರ್ಮೋನು ಬಂದು ಉಪ್ಪನ್ನು ಮೈಯಲ್ಲೇ ಹಿಡಿದಿಡುತ್ತದೆ. ಮಿದುಳಿನಲ್ಲಿ ಕೂತರೆ ಬಾಯಾರಿಕೆ. ನಮ್ಮ ಕಡೆಯ ಮೇ ತಿಂಗಳ ಬಿಸಿಲಿನಲ್ಲಿ ಹೊಲದಲ್ಲಿ ದುಡಿಯುವವರ ಬಿಪಿ ಕುಸಿಯದಂತೆ ಕಾಯುವುದರಲ್ಲಿ ಇದರ ಪಾಲು ದೊಡ್ಡದು. ಇದೇ ಕೆಲಸ ವರ್ಷಗಟ್ಟಲೆ ಜಾಸ್ತಿ ನಡೆದರೆ ಹೃದಯದ ಗೋಡೆ ದಪ್ಪವಾಗುತ್ತದೆ, ಮೂತ್ರಪಿಂಡ ಕೆಡುತ್ತದೆ.

ನಿನ್ನ ಗುಳಿಗೆ ಮಾಡುವುದಿಷ್ಟೇ. ಬಸ್ಸಿನ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿದ ಹಾಗೆ, ಎಟಿ1ನಲ್ಲಿ ತಾನು ಮೊದಲೇ ಕೂತುಬಿಡುತ್ತದೆ. ಆಂಜಿಯೋಟೆನ್ಸಿನ್ ಬಂದರೂ ಅದಕ್ಕೆ ಜಾಗವಿಲ್ಲ. ಈ ಜಾತಿಯ ಮೊದಲ ಗುಳಿಗೆ ಲೊಸಾರ್ಟನ್, 1995ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆಯಿತು. ಬಹಳ ಒಳ್ಳೆಯ ಔಷಧ, ಅದರಲ್ಲಿ ನನಗೆ ಎರಡು ಮಾತಿಲ್ಲ. ರಾಮಿಪ್ರಿಲ್ ಅನ್ನುವ ಇನ್ನೊಂದು ಜಾತಿಯ ಬಿಪಿ ಗುಳಿಗೆ ತೆಗೆದುಕೊಂಡು ನಿಮ್ಮಪ್ಪನಿಗೆ ಒಣಕೆಮ್ಮು ಹತ್ತಿತ್ತಲ್ಲ, ಆ ಕಾಟ ಇದರಲ್ಲಿ ಕಡಿಮೆ.

ಎಟಿ2 ಅಂತ ಇನ್ನೊಂದು ರಿಸೆಪ್ಟರ್ ಇದೆ. ಹೆಚ್ಚಾಗಿ ಎಟಿ1ಗೆ ಎದುರು ಕೆಲಸ ಅದರದು, ನಾಳ ಸಡಿಲಿಸುತ್ತದೆ. ಗರ್ಭದ ಕೂಸಿನ ಮೈಯಲ್ಲಿ ಅದು ತುಂಬಾ ಇರುತ್ತದೆ, ಹುಟ್ಟಿದ ಮೇಲೆ ಬಹಳ ಕಡಿಮೆಯಾಗುತ್ತದೆ. ನಿನ್ನ ಗುಳಿಗೆ ಅದನ್ನು ಮುಟ್ಟುವುದಿಲ್ಲ.

ಆದರೆ ಕೂಸಿಗೆ ಎಟಿ1 ಕೂಡ ಬೇಕು, ಮಗಳೇ. ಅದರ ಮೂತ್ರಪಿಂಡ ಸರಿಯಾಗಿ ಬೆಳೆದು ಕೆಲಸ ಮಾಡುವುದು ಅದರಿಂದಲೇ. ಗುಳಿಗೆ ಮಾಸು ದಾಟಿ ಕೂಸಿನ ಮೈಗೂ ಹೋಗುತ್ತದೆ. ನಾಲ್ಕನೇ ತಿಂಗಳು ದಾಟಿದ ಮೇಲೆ ಕೂಸಿನ ಸುತ್ತ ಇರುವ ನೀರು ಬಹುಪಾಲು ಅದರ ಮೂತ್ರವೇ. ಮೂತ್ರ ಬತ್ತಿದರೆ ಗರ್ಭದ ನೀರು ಬತ್ತುತ್ತದೆ. ನೀರಿಲ್ಲದೆ ಶ್ವಾಸಕೋಶ ಬಲಿಯುವುದಿಲ್ಲ, ಕೈಕಾಲು ಸೊಟ್ಟಾಗಬಹುದು, ತಲೆಬುರುಡೆ ಗಟ್ಟಿಯಾಗುವುದಿಲ್ಲ. ಕೂಸು ಉಳಿಯದೇ ಹೋಗಬಹುದು. ಹೆದರಿಸಲಿಕ್ಕೆ ಬರೆಯುತ್ತಿಲ್ಲ. ಮೊದಲೇ ಗೊತ್ತಿದ್ದರೆ ಪೂರ್ತಿ ತಪ್ಪಿಸಬಹುದಾದ ಕಷ್ಟ ಇದು.

"ಗುಳಿಗೆ ಬಿಟ್ಟರಾಯಿತು, ಅದೇನು ದೊಡ್ಡದು" ಅಂತ ಮನೆಯಲ್ಲಿ ಯಾರಾದರೂ ಅಂದರೆ ಕೇಳಬೇಡ. ಬಸುರಿಗೆ ಬಿಪಿ ಏರಿದರೆ ಫಿಟ್ಸ್ ಬರುವ ಅಪಾಯವಿದೆ, ಕೂಸೂ ಸೊರಗುತ್ತದೆ. ಬಸಿರಿನಲ್ಲಿ ಕೊಡುವ ಬೇರೆ ಗುಳಿಗೆಗಳಿವೆ: ಲೆಬೆಟಲಾಲ್, ಮಿಥೈಲ್‌ಡೋಪಾ, ನಿಫೆಡಿಪಿನ್. ಯಾವುದು, ಎಷ್ಟು ಅನ್ನುವುದು ಡಾಕ್ಟರೇ ಹೇಳಬೇಕು. ರಾಮಿಪ್ರಿಲ್, ಎನಲಾಪ್ರಿಲ್ ಕೂಡ ಬಸಿರಿನಲ್ಲಿ ಬೇಡವಾದವೇ. ಅಕಸ್ಮಾತ್ ಮುಟ್ಟು ನಿಂತಿದೆ ಅನ್ನಿಸಿದರೆ ಗಾಬರಿಯಾಗಬೇಡ. ಮೊದಲ ವಾರಗಳಲ್ಲೇ ಬದಲಿಸಿದರೆ ನಾನು ಮೇಲೆ ಬರೆದ ತೊಂದರೆಯ ಹೆದರಿಕೆ ಬಹಳ ಕಡಿಮೆ. ಆದರೆ ಅವತ್ತೇ ಡಾಕ್ಟರಿಗೆ ಹೇಳು, ನಾಳೆ ನೋಡೋಣ ಅನ್ನಬೇಡ.

ಬದಲಿಸುವವರೆಗೂ ಒಂದೆರಡು ಎಚ್ಚರ ಇರಲಿ. ವಾಂತಿ-ಭೇದಿಯಾಗಿ ಮೈಯ ನೀರು ಹೋದರೆ ಈ ಗುಳಿಗೆ ಮೂತ್ರಪಿಂಡಕ್ಕೆ ಭಾರವಾಗುತ್ತದೆ, ಆಗ ಡಾಕ್ಟರಿಗೆ ಫೋನ್ ಮಾಡು. ಮೈಕೈ ನೋವು ಅಂತ ಅಂಗಡಿಯಿಂದ ಡೈಕ್ಲೋಫೆನಾಕ್, ಐಬುಪ್ರೊಫೇನ್ ತಂದು ನುಂಗಬೇಡ. ಬಿಪಿಯವರಿಗೆ ಅಂತ ಮಾರುವ ಪೊಟ್ಯಾಸಿಯಂ ಬೆರೆಸಿದ ಉಪ್ಪೂ ಬೇಡ, ಈ ಗುಳಿಗೆಯೇ ರಕ್ತದಲ್ಲಿ ಪೊಟ್ಯಾಸಿಯಂ ಏರಿಸಬಲ್ಲದು.

ಡಾಕ್ಟರ ಹತ್ತಿರ ಹೋಗುವಾಗ ಗುಳಿಗೆಯ ಹಾಳೆಯನ್ನೇ ಒಯ್ಯಿ. ಬರೀ "ಬಿಪಿ ಗುಳಿಗೆ" ಅಂದರೆ ಅವರಿಗೆ ತಿಳಿಯುವುದಿಲ್ಲ. ಅಳಿಯಂದಿರನ್ನೂ ಕರೆದುಕೊಂಡು ಹೋಗು, ಅವರೂ ಕೇಳಿಸಿಕೊಳ್ಳಲಿ. ಹೊಸ ಗುಳಿಗೆಯ ಹೆಸರು, ವಾರದ ಬಿಪಿ ಲೆಕ್ಕ ಎರಡನ್ನೂ ನನಗೆ ಕಳಿಸು.

ಇಂತಿ,
ನಿನ್ನ ದೊಡ್ಡವ್ವ