ಒಂದು ಅರ್ಜಿ ಎರಡಾಗಿದ್ದಕ್ಕೆ ಹುಡುಗಿಯನ್ನು ಹೊರಗಿಟ್ಟಿರಲ್ಲ

ಧಾರವಾಡ, ಜೂನ್ 30

ಇವರಿಗೆ,
ಮುಖ್ಯಸ್ಥರು, ಗ್ರಾಹಕರ ದೂರು ವಿಭಾಗ

ವಿಷಯ: ಜೂನ್ 11ರಂದು ನಿಮ್ಮ ಪ್ರವೇಶ ಪರೀಕ್ಷೆಯ ವೆಬ್‌ಸೈಟ್‌ನಲ್ಲಿ ಒಂದೇ ಅರ್ಜಿ ಎರಡು ಸಲ ದಾಖಲಾಗಿ, ಹಣ ಎರಡು ಸಲ ಕಡಿತವಾಗಿ, ಕೊನೆಗೆ ಎರಡೂ ಅರ್ಜಿ ರದ್ದಾದ ಬಗ್ಗೆ.

ಮಾನ್ಯರೇ,

ನಾನು ಸಪ್ತಾಪುರದಲ್ಲಿ 11 ವರ್ಷದಿಂದ ಆನ್‌ಲೈನ್ ಸೆಂಟರ್ ನಡೆಸುತ್ತಿದ್ದೇನೆ. ಸುತ್ತಲೂ ಕೋಚಿಂಗ್ ಕ್ಲಾಸುಗಳು, ಹುಡುಗರ ರೂಮುಗಳು. ಅರ್ಜಿ ತುಂಬುವುದೇ ನನ್ನ ಹೊಟ್ಟೆಪಾಡು. ನಿಮ್ಮ ಏಜೆಂಟ್ ವ್ಯಾಲೆಟ್‌ನಲ್ಲಿ ಮುಂಗಡವಾಗಿ ದುಡ್ಡು ಇಟ್ಟು ಕೆಲಸ ಮಾಡುವವನು ನಾನು.

ಜೂನ್ 11ರ ಸಂಜೆ ಅಣ್ಣಿಗೇರಿ ಕಡೆಯ ರೈತರೊಬ್ಬರು ಮಗಳನ್ನು ಕರೆದುಕೊಂಡು ಬಂದರು. ಹೊರಗೆ ಜೋರು ಮಳೆ. ನಿಮ್ಮ ಪ್ರವೇಶ ಪರೀಕ್ಷೆಗೆ ಅರ್ಜಿ ಹಾಕಬೇಕಿತ್ತು. ಶುಲ್ಕ 3,000, ಜಿಎಸ್‌ಟಿ ಸೇರಿ 3,540 ರೂಪಾಯಿ. ಹೆಸರುಕಾಳು ಬಿತ್ತನೆಗೆ ಅಂತ ತೆಗೆದಿಟ್ಟ ದುಡ್ಡಿನಲ್ಲಿ ಅವರು ಎಣಿಸಿ ಕೊಟ್ಟರು. ಎಲ್ಲ ತುಂಬಿ ಸಬ್‌ಮಿಟ್ ಒತ್ತಿದೆ. ಚಕ್ರ ತಿರುಗತೊಡಗಿತು. ಒಂದೂವರೆ ನಿಮಿಷ ಕಾದೆ. ಅರ್ಜಿ ಹೋಯಿತು ಅಂತಲೂ ಇಲ್ಲ, ಹೋಗಲಿಲ್ಲ ಅಂತಲೂ ಇಲ್ಲ. ಬಟನ್ ಮಾತ್ರ ಮೊದಲಿನ ಹಾಗೇ ಹೊಳೆಯುತ್ತಿತ್ತು, ಒತ್ತಿದರೆ ಒತ್ತಿಸಿಕೊಳ್ಳುತ್ತಿತ್ತು. ಇನ್ನೊಮ್ಮೆ ಒತ್ತಿದೆ. ಹೌದು, ನಾನೇ ಒತ್ತಿದೆ. ಅದನ್ನು ಮುಚ್ಚಿಡುವುದಿಲ್ಲ.

ವ್ಯಾಲೆಟ್‌ನಿಂದ 7,080 ರೂಪಾಯಿ ಹೋಯಿತು. ವ್ಯಾಲೆಟ್‌ಗೆ ಒಟಿಪಿ ಕೇಳುವುದಿಲ್ಲ, ಹಾಗಾಗಿ ತಡೆಯಲು ನನಗೆ ದಾರಿಯೇ ಇರಲಿಲ್ಲ. ಎರಡು ಅರ್ಜಿ ಸಂಖ್ಯೆ ಬಂದವು. ಅದೇ ಹುಡುಗಿ, ಅದೇ ಫೋಟೋ, ಅದೇ ಹುಟ್ಟಿದ ತಾರೀಖು, ಅದೇ ಮೊಬೈಲ್ ನಂಬರ್. ಮರುದಿನ ಬೆಳಿಗ್ಗೆ ನಿಮ್ಮ ಸಂದೇಶ ಬಂತು: ಒಬ್ಬ ಅಭ್ಯರ್ಥಿಗೆ ಒಂದೇ ಅರ್ಜಿ, ಒಂದಕ್ಕಿಂತ ಜಾಸ್ತಿ ಬಂದರೆ ಎಲ್ಲವೂ ರದ್ದು, ಹಣ ವಾಪಸ್ ಇಲ್ಲ.

ಈ ನಿಯಮ ಬರೆದವರು ನೀವೇ ಅಲ್ವಾ? ಎರಡನೇ ಅರ್ಜಿ ಬಂದಿದೆ ಎಂದು ನಿಮ್ಮ ಸರ್ವರ್‌ಗೆ ಗೊತ್ತಾಗುತ್ತದೆ ಅಂತ ಆ ಸಂದೇಶವೇ ಹೇಳುತ್ತದೆ. ಮರುದಿನ ಗೊತ್ತಾದದ್ದು ದುಡ್ಡು ತೆಗೆದುಕೊಳ್ಳುವ ಮುಂಚೆ ಯಾಕೆ ಗೊತ್ತಾಗಲಿಲ್ಲ? ನನ್ನ ಇಡೀ ದೂರು ಇದೊಂದೇ ಪ್ರಶ್ನೆ.

ಜೂನ್ 13, 16, 20ರಂದು ಫೋನ್ ಮಾಡಿದೆ. ಪ್ರತಿ ಸಲ ‘ನೋಡ್ತೀವಿ ಸರ್’ ಎಂದರು. 24ರಂದು ಮಾಡಿದ ಫೋನ್ ಬಗ್ಗೆ ಮಾತ್ರ ಪೂರ್ತಿ ಹೇಳಲೇಬೇಕು. ಅಂದು ಹುಡುಗಿಯ ತಂದೆಯೂ ಬಂದಿದ್ದರು. ‘ಏನಂತಾರ ಕೇಳೂಣ್ರಿ’ ಎಂದು ನನ್ನ ಮುಂದೆಯೇ ಸ್ಟೂಲ್ ಮೇಲೆ ಕೂತರು. ಸ್ಪೀಕರ್ ಹಾಕಿದೆ. 18 ನಿಮಿಷ ಸಂಗೀತ ಕೇಳಿಸಿದ ಮೇಲೆ ಒಬ್ಬರು ಸಿಕ್ಕರು. ನಾನು ಮೊದಲಿನಿಂದ ಎಲ್ಲ ಹೇಳಿದೆ.

‘ನಿಮ್ಮ ಕಡೆಯಿಂದಲೇ ಎರಡು ಸಲ ಕ್ಲಿಕ್ ಆಗಿದೆ ಸರ್.’

ಆಗಿದೆ, ಪುಟ ಏನೂ ಹೇಳದೆ ನಿಂತಿತ್ತು ಎಂದೆ.

‘ನೀವು ಕಂಪ್ಯೂಟರ್ ಕಲಿತಿದ್ದೀರಾ?’

11 ವರ್ಷದಿಂದ ಇದೇ ಕೆಲಸ ಎಂದೆ.

‘ಹಾಗಾದ್ರೆ ಮೌಸ್ ಎಷ್ಟು ಸಲ ಒತ್ತಬೇಕು ಅಂತ ಗೊತ್ತಿರಬೇಕಲ್ವಾ?’

ಹಿಂದೆ ಯಾರೋ ನಕ್ಕರು. ಅದೂ ಕೇಳಿಸಿತು. ಸೆಂಟರ್‌ನಲ್ಲಿ ಆಗ ಆರು ಹುಡುಗರಿದ್ದರು. ಟೈಪ್ ಮಾಡುತ್ತಿದ್ದವರು ಕೈ ನಿಲ್ಲಿಸಿದರು. ನಾನು ಮೇಲಿನ ಅಧಿಕಾರಿಗೆ ಕೊಡಿ ಎಂದೆ. ‘ಅವರೂ ಇದನ್ನೇ ಹೇಳ್ತಾರೆ’ ಎಂದು ಫೋನ್ ಇಟ್ಟರು. ರೈತರು ಸ್ವಲ್ಪ ಹೊತ್ತು ಸುಮ್ನೆ ಕೂತು, ಮೆತ್ತಗೆ ಕೇಳಿದರು: ‘ಒಂದ ಹಾಕ್ರಿ ಅಂದ್ರ ಎರಡ ಯಾಕ ಹಾಕಿದ್ರಿ ಸರ್ರ?’ ಅವರ 3,540 ರೂಪಾಯಿಯನ್ನು ಆಗಲೇ ಕೈಯಿಂದ ಕೊಟ್ಟುಬಿಟ್ಟೆ. ಆದರೆ ಆ ಪ್ರಶ್ನೆಗೆ ಉತ್ತರ ಕೊಡಬೇಕಾದವರು ನೀವು.

ಇದು ಬೆರಳಿನ ತಪ್ಪಲ್ಲ. ಮೊದಲ ಸಲ ಒತ್ತಿದ ಕೂಡಲೇ ಬಟನ್ ಮಂಕಾಗಿ ‘ಅರ್ಜಿ ಹೋಗುತ್ತಿದೆ, ಕಾಯಿರಿ’ ಎಂದು ತೋರಿಸಿದ್ದರೆ ಯಾರೂ ಇನ್ನೊಮ್ಮೆ ಒತ್ತುತ್ತಿರಲಿಲ್ಲ. ಅದಕ್ಕೆ ಬ್ರೌಸರ್‌ನೊಳಗೆ ಓಡುವ ನಾಲ್ಕೈದು ಸಾಲಿನ ಜಾವಾಸ್ಕ್ರಿಪ್ಟ್ ಸಾಕು. ಅದಷ್ಟನ್ನೇ ನಂಬಲೂ ಬಾರದು. ನೆಟ್ ನಿಧಾನವಿದ್ದರೆ ಆ ಸ್ಕ್ರಿಪ್ಟೇ ಬಂದಿರುವುದಿಲ್ಲ, ಜನ ರಿಫ್ರೆಶ್ ಒತ್ತುತ್ತಾರೆ, ಹಿಂದಿನ ಪುಟಕ್ಕೆ ಹೋಗಿ ಬರುತ್ತಾರೆ. ಹಾಗಾಗಿ ನಿಜವಾದ ಕಾವಲು ಸರ್ವರ್‌ನಲ್ಲೇ ಇರಬೇಕು. ಫಾರ್ಮ್ ತೆರೆದಾಗಲೇ ಅದರೊಳಗೆ ಒಂದೇ ಸಲ ನಡೆಯುವ ಗುಟ್ಟಿನ ಟೋಕನ್, ಅಂದರೆ ಗುರುತಿನ ಸಂಕೇತ, ಇಡಬೇಕು. ಅದೇ ಟೋಕನ್ ಎರಡನೇ ಸಲ ಬಂದರೆ ಹೊಸ ಅರ್ಜಿ ಮಾಡದೆ ಮೊದಲನೆಯದರ ರಸೀದಿಯನ್ನೇ ತೋರಿಸಬೇಕು. ಒಂದು ಪರೀಕ್ಷೆಗೆ ಒಬ್ಬ ಅಭ್ಯರ್ಥಿಯ ಎರಡನೇ ದಾಖಲೆಯನ್ನು ಡೇಟಾಬೇಸೇ ಒಳಗೆ ಬಿಡಬಾರದು. ಅರ್ಜಿ ಸೇರಿದ ಮೇಲೆ, ಬೇರೆ ಪುಟಕ್ಕೆ ಹೋಗು ಎಂದು ಬ್ರೌಸರ್‌ಗೆ ಹೇಳುವ 303 ಸಂಕೇತ ಕೊಟ್ಟು ರಸೀದಿ ಪುಟಕ್ಕೆ ಕಳಿಸಬೇಕು, ಆಗ ರಿಫ್ರೆಶ್ ಮಾಡಿದರೂ ಫಾರ್ಮ್ ಮತ್ತೆ ಹೋಗುವುದಿಲ್ಲ. ತುಂಬಿದ ಫಾರ್ಮನ್ನು ಸರ್ವರ್‌ಗೆ ಮುಟ್ಟಿಸುವ ಪೋಸ್ಟ್ ವಿಧಾನದಲ್ಲಿ ಕಳಿಸಿದ್ದು ಎರಡು ಸಲ ಬಂದರೆ ಕೆಲಸವೂ ಎರಡು ಸಲ ಆಗಬಹುದು. ವೆಬ್‌ಸೈಟ್ ಕಟ್ಟುವವರು ಶುರುವಿನಲ್ಲೇ ಕಲಿಯುವ ಪಾಠ ಇದು. ದುಡ್ಡು ತೆಗೆದುಕೊಳ್ಳುವ ಪುಟ ಕಟ್ಟಿದ ನಿಮ್ಮವರಿಗೆ ಇದು ಗೊತ್ತೇ ಇರುತ್ತದೆ.

ನಮ್ಮ ಲೈನ್ ಬಜಾರಿನಲ್ಲಿ ಹಬ್ಬದ ಗದ್ದಲದಲ್ಲಿ ನಿಂತು ‘ಅರ್ಧ ಕಿಲೋ ಪೇಡೆ’ ಎಂದು ಎರಡು ಸಲ ಕೂಗಿ ನೋಡಿ. ಅಂಗಡಿಯವರು ಎರಡು ಡಬ್ಬಿ ಕಟ್ಟಿ ದುಡ್ಡು ಇಸಿದುಕೊಳ್ಳುವುದಿಲ್ಲ. ‘ಒಂದ್ರೀ, ಎರಡ್ರೀ?’ ಎಂದು ಕೇಳುತ್ತಾರೆ. ನಿಮ್ಮ ಪುಟ ನನ್ನನ್ನು ಅಷ್ಟು ಕೇಳಿದ್ದರೂ ಸಾಕಿತ್ತು.

ಜೂನ್ 14ರಂದು ಮೇಲ್‌ನಲ್ಲೂ ದೂರು ಕಳಿಸಿದ್ದೇನೆ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ದೂರು ಬಂದಿದೆ ಎಂದು 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ದೂರು ಅಧಿಕಾರಿಯ ಹೆಸರು, ಸಂಪರ್ಕವನ್ನು ವೆಬ್‌ಸೈಟ್‌ನಲ್ಲಿ ಹಾಕಬೇಕು. ನಿಮ್ಮದರಲ್ಲಿ ಹುಡುಕಿದೆ, ಹೆಸರಿಲ್ಲ. ಮೇಲ್‌ಗೆ ಇವತ್ತಿಗೂ ಉತ್ತರವಿಲ್ಲ. ಇನ್ನು ‘ಹಣ ವಾಪಸ್ ಇಲ್ಲ’ ಎನ್ನುವ ಮಾತು. ತಪ್ಪಿನಿಂದ ಕೈಗೆ ಬಂದ ಹಣವನ್ನು ಪಡೆದವರು ಹಿಂದಿರುಗಿಸಬೇಕು ಎಂದು 1872ರ ಕರಾರು ಕಾಯ್ದೆಯ 72ನೇ ಕಲಮು ಹೇಳುತ್ತದೆ.

ಪರೀಕ್ಷೆ ಜುಲೈ 20ಕ್ಕೆ ಇದೆ. ಆ ಹುಡುಗಿ ದಿನಾ ಅಣ್ಣಿಗೇರಿಯಿಂದ ಬಸ್ಸಿನಲ್ಲಿ ಬಂದು ಓದುತ್ತಿದ್ದಾಳೆ. ನನಗೆ ದುಡ್ಡಿಗಿಂತ ಅವಳ ಹಾಲ್ ಟಿಕೆಟ್ ಮುಖ್ಯ. ಮೊದಲ ಅರ್ಜಿಯನ್ನು ಊರ್ಜಿತ ಮಾಡಿ. ಎರಡನೆಯದರ 3,540 ರೂಪಾಯಿ ವಾಪಸ್ ಹಾಕಿ. ಅಂದು ಮಾತಾಡಿದವರು ಆ ತಂದೆಗೆ ಫೋನ್ ಮಾಡಿ, ತಪ್ಪು ಸೆಂಟರ್‌ನವರದಲ್ಲ ಎಂದು ಅವರ ಕಿವಿಗೆ ಬೀಳುವಂತೆ ಹೇಳಲಿ.

ಜುಲೈ 7ರವರೆಗೆ ಕಾಯುತ್ತೇನೆ. 8ರ ಬೆಳಿಗ್ಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡುತ್ತೇನೆ. ಅದೇ ದಿನ ಹುಡುಗಿಯ ತಂದೆಯ ಹೆಸರಿನಲ್ಲಿ ಧಾರವಾಡದ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡಿಸುತ್ತೇನೆ. 5 ಲಕ್ಷದವರೆಗಿನ ವ್ಯವಹಾರಕ್ಕೆ ಅಲ್ಲಿ ಶುಲ್ಕವಿಲ್ಲ. ನಾವಿರುವ ಜಿಲ್ಲೆಯಲ್ಲೇ ಕೇಸು ಹಾಕಲು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಅವಕಾಶ ಕೊಟ್ಟಿದೆ, ಬರಬೇಕಾದವರು ನೀವು. ಎರಡೂ ರಸೀದಿ, ರದ್ದತಿ ಸಂದೇಶ, ನಾಲ್ಕೂ ಫೋನ್‌ಗಳ ದಿನ ಮತ್ತು ಸಮಯ, ಎಲ್ಲವನ್ನೂ ಪ್ರಿಂಟ್ ತೆಗೆದು ಫೈಲ್ ಮಾಡಿಟ್ಟಿದ್ದೇನೆ. ಸಪ್ತಾಪುರದ ಉಳಿದ ಸೆಂಟರ್‌ಗಳಿಗೂ ಒಂದೊಂದು ಪ್ರತಿ ಕೊಡುತ್ತೇನೆ. ನಿಮ್ಮ ಅರ್ಜಿ ತುಂಬುವುದನ್ನು ನಾನು ಇವತ್ತಿನಿಂದಲೇ ನಿಲ್ಲಿಸಿದ್ದೇನೆ, ಬಾಗಿಲಿಗೆ ಚೀಟಿಯನ್ನೂ ಅಂಟಿಸಿದ್ದೇನೆ.

ಇಂತಿ,
ಆನ್‌ಲೈನ್ ಸೆಂಟರ್ ಮಾಲೀಕ,
ಸಪ್ತಾಪುರ, ಧಾರವಾಡ