ಮೀಟರಿನ ಜೊತೆ ಅಡುಗೆಮನೆಯ ಪ್ಲಗ್ಗನ್ನೂ ಎಣಿಸಿ: ಇಂಧನ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಸಚಿವರೇ,

ಎಷ್ಟು ಮನೆಗಳಿಗೆ ಮೀಟರ್ ಹಾಕಿಸಿದ್ದೀರಿ ಎಂಬ ಲೆಕ್ಕ ನಿಮ್ಮ ಇಲಾಖೆಯಲ್ಲಿದೆ. ಆ ಕರೆಂಟಿನಿಂದ ಮನೆಯೊಳಗೆ ಯಾರ ಸಂಪಾದನೆ ಹೆಚ್ಚಿತು ಎಂಬ ಲೆಕ್ಕವನ್ನು ಯಾರೂ ಇಟ್ಟಂತಿಲ್ಲ.

ದಕ್ಷಿಣ ಆಫ್ರಿಕಾದ ಕ್ವಾಜುಲು-ನಟಾಲ್ ಹಳ್ಳಿಗಳ ಬಗ್ಗೆ ಅರ್ಥಶಾಸ್ತ್ರಜ್ಞೆ ಟ್ಯಾರಿನ್ ಡಿಂಕಲ್‌ಮನ್ 2011ರಲ್ಲಿ ಪ್ರಕಟಿಸಿದ ಅಧ್ಯಯನ ನೋಡಿ. ವಿದ್ಯುತ್ ಬಂದು ಐದು ವರ್ಷಗಳೊಳಗೆ ಅಲ್ಲಿ ದುಡಿಯುವ ಹೆಂಗಸರ ಪ್ರಮಾಣ ಶೇಕಡಾ 9ರಿಂದ 9.5 ಅಂಶಗಳಷ್ಟು ಏರಿತು. ಅಡುಗೆ ಸೌದೆಯಿಂದ ವಿದ್ಯುತ್ತಿಗೆ ಸರಿದು ಅವರ ಸಮಯ ಉಳಿದದ್ದು ಮುಖ್ಯ ಕಾರಣ. ಆದರೆ ಅದೇ ಅಧ್ಯಯನದಲ್ಲಿ ಹೆಂಗಸರ ಕೂಲಿದರ ಇಳಿದು, ಗಂಡಸರ ಗಳಿಕೆ ಏರಿದ್ದೂ ಇದೆ. ಇದನ್ನು ಭಾಷಣಗಳಲ್ಲಿ ಯಾರೂ ಹೇಳುವುದಿಲ್ಲ.

ಒಲೆ ಸೌದೆಯದ್ದೇ ಆಗಿ ಉಳಿದರೆ ಬಲ್ಬಿನಿಂದ ಹೆಂಗಸರಿಗೆ ಸಿಗುವುದು ರಾತ್ರಿ ಇನ್ನಷ್ಟು ಹೊತ್ತಿನ ಮನೆಗೆಲಸ. ಒಲೆ ಬದಲಾಗದಿರುವುದಕ್ಕೆ ಬಹಳ ಸಲ ವಯರಿಂಗೇ ಕಾರಣ. ಹೊಸ ಸಂಪರ್ಕವೆಂದರೆ ಒಂದೆರಡು ಬಲ್ಬು, ನಡುಮನೆಯಲ್ಲಿ 6 ಆಂಪಿಯರಿನ ಒಂದು ಪ್ಲಗ್. 2000 ವಾಟಿನ ಇಂಡಕ್ಷನ್ ಒಲೆ 230 ವೋಲ್ಟಿನಲ್ಲಿ 8.7 ಆಂಪಿಯರ್ ಎಳೆಯುತ್ತದೆ. ಆ ಪ್ಲಗ್ಗಿಗೆ ಸಿಕ್ಕಿಸಿದರೆ ಪಿನ್ನು ಕೂಡುವ ಜಾಗ ಕಾದು ಸಾಕೆಟ್ ಕರಗಬಹುದು. ಬೇಕಾದದ್ದು ಅಡುಗೆಮನೆಯಲ್ಲೇ 16 ಆಂಪಿಯರಿನ ಸಾಕೆಟ್, 4 ಚದರ ಮಿ.ಮೀ. ತಾಮ್ರದ ವಯರು, ಪ್ರತ್ಯೇಕ ಎಂಸಿಬಿ (ಕರೆಂಟು ಮಿತಿಮೀರಿದರೆ ತಾನಾಗಿ ಆಫ್ ಆಗುವ ಸ್ವಿಚ್ಚು), ಸರಿಯಾದ ಅರ್ಥಿಂಗ್.

ಅಷ್ಟು ಮಾಡಿ ಟ್ರಾನ್ಸ್‌ಫಾರ್ಮರನ್ನು ಮರೆತರೆ ಪ್ರಯೋಜನವಿಲ್ಲ. ಮನೆಗೆ 250 ವಾಟ್ ಎಂದು ಲೆಕ್ಕ ಹಾಕಿ ನೂರು ಮನೆಗೆ ನಿಲ್ಲಿಸಿದ 25 ಕೆವಿಎ (ಹೆಚ್ಚೆಂದರೆ 25 ಕಿಲೋವಾಟ್ ಹೊರಬಲ್ಲ) ಟ್ರಾನ್ಸ್‌ಫಾರ್ಮರ್, ಬೆಳಗಿನ ಅಡುಗೆ ಹೊತ್ತಿಗೆ ಅಂಥ ಹನ್ನೆರಡು ಒಲೆಗಳಿಗೇ ತುಂಬಿಹೋಗುತ್ತದೆ. ಲೈನಿನ ಕೊನೆಯಲ್ಲಿ ವೋಲ್ಟೇಜ್ 180ಕ್ಕೆ ಇಳಿದರೆ ಮೋಟಾರಿನ ತಿರುಗುಬಲ ಶೇಕಡಾ 61ಕ್ಕೆ ಬೀಳುತ್ತದೆ, ಏಕೆಂದರೆ ಅದು ವೋಲ್ಟೇಜನ್ನು ಅದರಿಂದಲೇ ಗುಣಿಸಿದ ವರ್ಗಕ್ಕೆ ಅನುಗುಣ. ಸಾಲ ಮಾಡಿ ತಂದ ಹಿಟ್ಟಿನ ಗಿರಣಿ ಗುಂಯ್ ಎನ್ನುತ್ತಾ ನಿಂತಲ್ಲೇ ನಿಲ್ಲುತ್ತದೆ, ಮೋಟಾರಿನೊಳಗಿನ ತಂತಿಸುರುಳಿ (ವೈಂಡಿಂಗ್) ಸುಟ್ಟುಹೋಗುತ್ತದೆ. ಆಮೇಲೆ ವರದಿಯಲ್ಲಿ ‘ಫಲಾನುಭವಿಗೆ ಆಸಕ್ತಿ ಇಲ್ಲ’ ಎಂದು ಬರೆದು ಕೈತೊಳೆದುಕೊಳ್ಳುವುದು ಸುಲಭ.

ಇನ್ನು ಹೆಸರಿನ ಪ್ರಶ್ನೆ. ಆಸ್ತಿ ಗಂಡಸಿನದಾದರೆ ಮೀಟರೂ ಅವನದೇ. ಮನೆಯಲ್ಲಿ ಹೊಲಿಗೆಯನ್ನೋ ಗಿರಣಿಯನ್ನೋ ನಡೆಸುವವಳು ಮನೆಗೆ ಮಂಜೂರಾದ ವಿದ್ಯುತ್ತಿನ ಮಿತಿ (ಲೋಡ್) ಹೆಚ್ಚಿಸಲು ಅವನ ರುಜುವಿಗೆ ಕಾಯಬೇಕು. ವಾಸವಿರುವ ಯಾವುದೇ ವಯಸ್ಕರ ಅರ್ಜಿ ಸಾಕು ಎಂದು ನಿಯಮ ಮಾಡಿ. 2 ಕಿಲೋವಾಟ್‌ವರೆಗಿನ ಮನೆಯುದ್ಯೋಗವನ್ನು ಗೃಹಬಳಕೆಯ ದರದಲ್ಲೇ ಇಡಿ. ಮನೆಗೆಲಸ ಮುಗಿದು ಕೈ ಬಿಡುವಾಗುವ ನಡುಹಗಲಿನಲ್ಲಿ ಲೋಡ್ ಶೆಡ್ಡಿಂಗ್ ಬೇಡ.

ಮುಂದಿನ ವಿದ್ಯುದೀಕರಣ ಟೆಂಡರಿನಲ್ಲಿ ಅಡುಗೆಮನೆಯ ಸಾಕೆಟ್ಟೂ, ಲೈನಿನ ಕೊನೆಯ ಮನೆಯಲ್ಲಿ ಅಡುಗೆ ಹೊತ್ತಿಗೆ ಅಳೆದ ವೋಲ್ಟೇಜೂ ಸೇರಲಿ. ಅವೆರಡು ಇಲ್ಲದೆ ಗುತ್ತಿಗೆದಾರರ ಅಂತಿಮ ಬಿಲ್ ಪಾಸಾಗಬಾರದು.

ಇಂತಿ,
ಗ್ರಾಮೀಣ ವಿದ್ಯುದೀಕರಣದ ಕೆಲಸ ಬಲ್ಲ ಎಂಜಿನಿಯರುಗಳು ಮತ್ತು ಸಂಶೋಧಕರು