‘ನನಗೇನೂ ಹೇಳಬೇಡಿ’ ಎನ್ನುವ ರೋಗಿ

ಮಾನ್ಯ ಸಂಪಾದಕರೇ,

ಮುಂಬಯಿಯಲ್ಲಿ ‘ಟಾಟಾಕ್ಕೆ ಬರೆದುಕೊಟ್ಟಿದ್ದಾರೆ’ ಎಂದರೆ ಕಾಯಿಲೆ ಯಾವುದೆಂದು ಬಿಡಿಸಿ ಹೇಳಬೇಕಾಗಿಲ್ಲ; ಟಾಟಾ ಎಂದರೆ ಪರೇಲಿನ ಕ್ಯಾನ್ಸರ್ ಆಸ್ಪತ್ರೆ. ಆದರೂ ಊರಿನಿಂದ ಪರೇಲಿಗೆ ಬಂದ ಎಷ್ಟೋ ಮನೆಯವರು ರೋಗಿಯೆದುರು ‘ಗಡ್ಡೆ’ ಎಂದಷ್ಟೇ ಹೇಳಿ ಫೈಲನ್ನು ಚೀಲದ ತಳಕ್ಕೆ ತುರುಕುತ್ತಾರೆ. ರೋಗಿಗೆ ಎಲ್ಲ ಅಂದಾಜಾಗಿರುತ್ತದೆ. ಕೇಳಿದರೆ ಮಗ ಅತ್ತಾನು ಎಂದು ಬಾಯಿ ಬಿಡುವುದಿಲ್ಲ. ಇದಕ್ಕೆ ಅಜ್ಞಾನವೆಂದು ಹೆಸರಿಟ್ಟು ಕರಪತ್ರ ಹಂಚಿದರೆ ಅದೂ ಆ ಚೀಲದ ತಳವನ್ನೇ ಸೇರುತ್ತದೆ.

ಓದಲು ಹೊರಟವರನ್ನು ಹೆದರಿಸುವುದು ರಿಪೋರ್ಟಿನ ಭಾಷೆ. ‘ಗ್ರೇಡ್ 3’ ಎಂದು ಕಂಡರೆ ಮೂರನೇ ಸ್ಟೇಜ್ ಎಂದುಕೊಂಡು ಮೊಬೈಲ್ ಮಗುಚಿಡುತ್ತಾರೆ. ಗ್ರೇಡ್ ಹೇಳುವುದು ಸೂಕ್ಷ್ಮದರ್ಶಕದಲ್ಲಿ ಜೀವಕೋಶಗಳು ಎಷ್ಟು ಕೆಟ್ಟಂತೆ ಕಾಣುತ್ತವೆ ಎಂಬುದನ್ನು. ಕಾಯಿಲೆ ಎಲ್ಲಿಯವರೆಗೆ ಹಬ್ಬಿದೆ ಎನ್ನುವುದು ಸ್ಟೇಜ್. ‘ನೆಗೆಟಿವ್’ ಇನ್ನೂ ಮೋಸದ ಪದ. ಆಪರೇಷನ್ ನಂತರ ‘ಮಾರ್ಜಿನ್ ನೆಗೆಟಿವ್’ ಎಂದಿದ್ದರೆ ಸಂತೋಷಪಡಬೇಕು, ಕತ್ತರಿಸಿದ ಅಂಚಿನಲ್ಲಿ ಕ್ಯಾನ್ಸರ್ ಕೋಶ ಕಂಡಿಲ್ಲ. ಸ್ತನ ಕ್ಯಾನ್ಸರಿನಲ್ಲಿ ‘ಇಆರ್, ಪಿಆರ್ ನೆಗೆಟಿವ್’ ಎಂದರೆ ಕ್ಯಾನ್ಸರ್ ಕೋಶಗಳಲ್ಲಿ ಹಾರ್ಮೋನ್ ಗ್ರಾಹಕಗಳಿಲ್ಲ, ಟ್ಯಾಮಾಕ್ಸಿಫೆನ್‌ನಂಥ ಹಾರ್ಮೋನ್ ಮಾತ್ರೆಯಿಂದ ಉಪಯೋಗವಿಲ್ಲವೆಂದು ಅರ್ಥ. ಇನ್ನು ‘ಐದು ವರ್ಷ ಬದುಕುವವರು ಶೇಕಡಾ ಇಷ್ಟು’ ಎಂಬ ಲೆಕ್ಕ ಹಿಂದೆ ಚಿಕಿತ್ಸೆ ಪಡೆದ ಸಾವಿರಾರು ಜನರದ್ದು. ರಾತ್ರಿ ಒಬ್ಬರೇ ಕೂತು ಓದುವಾಗ ಅದು ತಮ್ಮದೇ ಜಾತಕದಂತೆ ಕಾಣುತ್ತದೆ. ಏನೂ ಹೇಳಬೇಡಿ ಎನ್ನುವುದು ಸಹಜ.

ಬೇಡವೆಂದರೂ ಬಿಡಲಾಗದ ಸಂಗತಿ ಜ್ವರ. ಹೆಚ್ಚಿನ ಕಿಮೋಗಳಲ್ಲಿ ಔಷಧಿ ಕೊಟ್ಟ 7ರಿಂದ 14ನೇ ದಿನದೊಳಗೆ ಸೋಂಕು ತಡೆಯುವ ಬಿಳಿ ರಕ್ತಕಣಗಳು ತೀರ ಇಳಿಯುತ್ತವೆ. ಆಗ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಬೆಳಗಿನವರೆಗೆ ಕಾಯುವಂತಿಲ್ಲ, ಆ ರಾತ್ರಿಯೇ ಆಸ್ಪತ್ರೆ ಸೇರಬೇಕು. ಪ್ಯಾರಾಸಿಟಮಾಲ್ ಕೊಟ್ಟು ಮಲಗಿಸಿದರೆ ಥರ್ಮಾಮೀಟರ್ ಇಳಿಯುತ್ತದೆ, ಸೋಂಕು ಒಳಗೇ ಏರುತ್ತದೆ. ಕಾಯಿಲೆಯ ಹೆಸರನ್ನೇ ಮುಚ್ಚಿಟ್ಟ ಮನೆಯಲ್ಲಿ ಈ ಮಾತೂ ರೋಗಿಯ ಕಿವಿಗೆ ಬೀಳುವುದಿಲ್ಲ. ಚಳಿಯೆಂದು ಹೊದ್ದು ಮಲಗುತ್ತಾರೆ. ಡಾಕ್ಟರ್ ಹಿಂದಿಯಲ್ಲಿ ಹೇಳಿದ್ದನ್ನು ಹೋಟೆಲ್ ಕೆಲಸದ ನಡುವೆ ಓಡಿಬಂದ ನೆಂಟ ಅರ್ಧ ನುಂಗಿಯೇ ಕನ್ನಡಕ್ಕೆ ತರುವುದು.

ಡಾಕ್ಟರಾಗಲಿ ಮನೆಯವರಾಗಲಿ ಮೊದಲು ಕೇಳಬೇಕಾದದ್ದು, ‘ನಿಮಗೆ ಎಷ್ಟು ಹೇಳಲಿ? ಉಳಿದದ್ದನ್ನು ಯಾರಿಗೆ ಹೇಳಲಿ?’ ಚಿಕಿತ್ಸೆ ಬದಲಾದಾಗಲೆಲ್ಲ ಮತ್ತೆ ಕೇಳಿ, ಉತ್ತರ ಬದಲಾಗಿರಬಹುದು. ಬೇಡವೆಂದರೆ ಸ್ಟೇಜ್, ಶೇಕಡಾವಾರು ಬಿಟ್ಟುಬಿಡಿ. ಆದರೆ 100.4 ಎಂಬ ಅಂಕಿಯನ್ನೂ ರಾತ್ರಿ ಕರೆ ಮಾಡಬೇಕಾದ ನಂಬರನ್ನೂ ಕನ್ನಡದಲ್ಲಿ ದಪ್ಪಗೆ ಬರೆದು ಥರ್ಮಾಮೀಟರಿನ ಡಬ್ಬಿಗೇ ಅಂಟಿಸಿ.

— ಓದುಗರು, ಪರೇಲ್, ಮುಂಬಯಿ